ಹೊಸ ಸ್ನೋಬೋರ್ಡ್ ರೂಪಿಸುವಾಗ ಅನುಭವಿ ಸವಾರರ ಪಾತ್ರವೇನು?

ರಾಯಚೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನೀವು, ಎಲ್ಲ ಲೆಕ್ಕ ಕಂಪ್ಯೂಟರಿನಲ್ಲೇ ಆಗುವಾಗ ಸವಾರ ಯಾಕೆ ಬೇಕು ಎಂದು ಕೇಳಿದ್ದೀರಿ. ಸ್ನೋಬೋರ್ಡ್ ಅಂದರೆ ಹಿಮದ ಇಳಿಜಾರಿನಲ್ಲಿ ನಿಂತು ಜಾರುವ ಹಲಗೆ. ಅದು ಎಷ್ಟು ಬಾಗುತ್ತದೆ, ಎಷ್ಟು ತಿರುಚಿಕೊಳ್ಳುತ್ತದೆ ಎಂದು ಯಂತ್ರ ಅಳೆಯುತ್ತದೆ, ನಿಜ. ಆದರೆ ಗಟ್ಟಿ ಹಿಮದ ಮೇಲೆ ವೇಗವಾಗಿ ಜಾರುವಾಗ ಅದು ಹಿಡಿತಕ್ಕೆ ಸಿಗುತ್ತದೋ ಇಲ್ಲವೋ ಎಂಬುದು ಸವಾರನ ಕಾಲಿಗೇ ಗೊತ್ತಾಗಬೇಕು. ನಮ್ಮ ಎರೆಹೊಲದ ರೈತ ಕೂರಿಗೆ ಹೊಡೆದು ನೋಡಿ, ಬೀಜ ಆಳಕ್ಕೆ ಬೀಳುತ್ತಿದೆ ಎಂದು ಬಡಿಗನಿಗೆ ಹೇಳುತ್ತಾನಲ್ಲ, ಹಾಗೆ.

ಒಳ್ಳೆಯ ಸವಾರ 'ಚೆನ್ನಾಗಿಲ್ಲ' ಎಂದು ಸುಮ್ಮನಾಗುವುದಿಲ್ಲ. ವೇಗದಲ್ಲಿ ಮುಂದಿನ ತುದಿ ಅದುರುತ್ತಿದೆ ಅನ್ನುತ್ತಾನೆ. ಆಗ ವಿನ್ಯಾಸಕರು ಒಳಗಿನ ಮರದ ದಪ್ಪವನ್ನೋ ಫೈಬರ್‌ಗ್ಲಾಸ್ ಪದರವನ್ನೋ ಬದಲಿಸುತ್ತಾರೆ. ತಿರುವಿನಿಂದ ಬೇಗ ಹೊರಬರುತ್ತಿಲ್ಲ ಅಂದರೆ ಅಂಚಿನ ಒಳಬಾಗನ್ನೋ ಹಿಂತುದಿಯ ಬಿಗಿಯನ್ನೋ ತಿದ್ದುತ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಕಾರಣ ಸಿಗುತ್ತದೆ. ಬೆಳಿಗ್ಗೆ ಗಟ್ಟಿಯಿದ್ದ ಹಿಮ ಮಧ್ಯಾಹ್ನಕ್ಕೆ ಮೆತ್ತಗಾಗುವುದರಿಂದ, ಹಳೆಯ ಮತ್ತು ಹೊಸ ಹಲಗೆಗಳನ್ನು ಅದೇ ಬೂಟು, ಬೂಟನ್ನು ಹಲಗೆಗೆ ಬಿಗಿಯುವ ಅದೇ ಬೈಂಡಿಂಗ್ ಹಾಕಿಕೊಂಡು, ಅದೇ ಇಳಿಜಾರಿನಲ್ಲಿ ಒಂದರ ಬೆನ್ನಿಗೆ ಒಂದು ಓಡಿಸಿ ನೋಡುವುದು ಒಳ್ಳೆಯದು. ನನ್ನ ಮಟ್ಟಿಗೆ ಈ ಶಿಸ್ತು ಸವಾರನ ಕಸರತ್ತಿಗಿಂತ ದೊಡ್ಡದು.

ಹೀಗೆ ವಿನ್ಯಾಸಕರ ಜೊತೆ ದುಡಿಯುವುದಕ್ಕೆ ಹೆಸರಾದ ಸವಾರ ಕ್ರೇಗ್ ಕೆಲ್ಲಿ. ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಅವರು, 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಶುರುವಾದ ಬರ್ಟನ್ ಕಂಪನಿಯ ಹಲಗೆಗಳ ವಿನ್ಯಾಸಕ್ಕೆ ಹತ್ತಿರದಿಂದ ದುಡಿದರು. 2003ರಲ್ಲಿ ಕೆನಡಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಆ ಕಂಪನಿ ಪ್ರಾಯೋಗಿಕ ಹಲಗೆಗಳನ್ನು ತಯಾರಿಸುವ ಕಾರ್ಯಾಗಾರಕ್ಕೆ ಅವರದೇ ಹೆಸರಿಟ್ಟಿದೆ.