ಕುತ್ತಿಗೆಯ ಶ್ವಾನೋಮಾ: ಸ್ಕ್ಯಾನ್ ನೋಡುತ್ತಾ ಆಪರೇಷನ್ ಮಾಡಿದರೆ ಧ್ವನಿ ಉಳಿಯುತ್ತದೆಯೇ?

ತಾಯಿಯವರ ಕುತ್ತಿಗೆಯಲ್ಲಿ 3 ಸೆಂ.ಮೀ. ಗಡ್ಡೆ ಇದೆ, ಎಂಆರ್‌ಐನಲ್ಲಿ ವೇಗಸ್ ನರದ (ಧ್ವನಿಪೆಟ್ಟಿಗೆಗೂ ಎಳೆ ಕೊಡುವ ನರ) ಶ್ವಾನೋಮಾ ಎಂದು ಬಂದಿದೆ, ಅಲ್ಟ್ರಾಸೌಂಡ್ ನೋಡುತ್ತಾ ತೆಗೆದರೆ ಧ್ವನಿಗೆ ತೊಂದರೆಯಿಲ್ಲವೇ ಎಂದು ಕೇಳಿದ್ದೀರಿ. ಸ್ಕ್ಯಾನ್ ಒಂದರಿಂದಲೇ ಧ್ವನಿ ಉಳಿಯುವುದಿಲ್ಲ. ಗಡ್ಡೆಯ ಪೊರೆಯನ್ನು ಯಾವ ಜಾಗದಲ್ಲಿ ಕೊಯ್ಯುತ್ತಾರೆ ಎಂಬುದು ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ.

ಶ್ವಾನೋಮಾ ಹುಟ್ಟುವುದು ನರದ ಎಳೆಗಳಿಗೆ ಹೊದಿಕೆಯಾಗಿರುವ ಜೀವಕೋಶಗಳಿಂದ. ಅದು ಬೆಳೆದಂತೆ ಒಳ್ಳೆಯ ಎಳೆಗಳು ಪಕ್ಕಕ್ಕೆ ಸರಿದು ಗಡ್ಡೆಯ ಮೈಮೇಲೆ ತೆಳ್ಳಗೆ ಹರಡಿಕೊಳ್ಳುತ್ತವೆ. ಬರಿಗಣ್ಣಿಗೆ ಪೊರೆ ಯಾವುದು, ಎಳೆ ಯಾವುದು ಗೊತ್ತಾಗುವುದಿಲ್ಲ. ಅದಕ್ಕೇ ಸಣ್ಣ ವಿದ್ಯುತ್ ಹರಿಸುವ ಸಲಾಕೆಯಿಂದ ಮೈಯನ್ನೆಲ್ಲ ಮುಟ್ಟಿ ನೋಡುತ್ತಾರೆ. ಧ್ವನಿಪೆಟ್ಟಿಗೆಯ ಸ್ನಾಯು ಮಿಡಿದ ಕಡೆ ಎಳೆ ಇದೆ. ಮಿಡಿಯದ ಕಡೆ, ನರದ ಉದ್ದಕ್ಕೇ ಸೀಳಿ, ಪೊರೆಯನ್ನು ಅಲ್ಲೇ ಬಿಟ್ಟು ಒಳಗಿನ ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆಯುತ್ತಾರೆ. ಅಡ್ಡಡ್ಡ ಕೊಯ್ದರೆ ಎಳೆಗಳು ತುಂಡಾಗುತ್ತವೆ.

ಎಡವಟ್ಟಾಗುವುದೂ ಇಲ್ಲೇ. ಆ ಮಿಡಿತವನ್ನು ಹಿಡಿಯುವುದು ಉಸಿರಾಟದ ಟ್ಯೂಬಿನ ಮೇಲಿರುವ ಎಲೆಕ್ಟ್ರೋಡ್. ಕುತ್ತಿಗೆ ತಿರುಗಿಸುವಾಗ ಟ್ಯೂಬ್ ಜರುಗಿದರೆ, ಅಥವಾ ಸ್ನಾಯು ಸಡಿಲಿಸುವ ಔಷಧಿಯ ಪರಿಣಾಮ ಇನ್ನೂ ಇಳಿಯದಿದ್ದರೆ, ನರ ಇದ್ದರೂ ಯಂತ್ರ ಸುಮ್ಮನಿರುತ್ತದೆ. ಆದ್ದರಿಂದ ಗಡ್ಡೆಗಿಂತ ಮೇಲ್ಗಡೆ ವೇಗಸ್ ನರವನ್ನು ಮುಟ್ಟಿ ಮಿಡಿತ ಬರುವುದನ್ನು ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು.

ಹಾಗೆಂದು ಸ್ಕ್ಯಾನ್ ಕಡಿಮೆಯದಲ್ಲ. ವೇಗಸ್ ಗಡ್ಡೆ ಸಾಮಾನ್ಯವಾಗಿ ಕ್ಯಾರೊಟಿಡ್ ಮತ್ತು ಜುಗುಲರ್ ರಕ್ತನಾಳಗಳ ನಡುವೆ ನುಗ್ಗಿ ಅವನ್ನು ಬೇರ್ಪಡಿಸುತ್ತದೆ. ಕಣ್ಣಿನ ರೆಪ್ಪೆಗೂ ಎಳೆ ಕೊಡುವ ಸಿಂಪಥೆಟಿಕ್ ನರದ್ದಾದರೆ ಎರಡನ್ನೂ ಒಟ್ಟಿಗೆ ಮುಂದಕ್ಕೆ ತಳ್ಳುವುದು ಹೆಚ್ಚು. ಎರಡನೆಯದರಲ್ಲಿ ಧ್ವನಿಗಿಂತ ರೆಪ್ಪೆ ಜೋಲುವ ಭಯವೇ ದೊಡ್ಡದು. ಥಿಯೇಟರಿನಲ್ಲಿ ಅಲ್ಟ್ರಾಸೌಂಡ್ ಪ್ರೋಬಿಗೆ ಸ್ಟೆರೈಲ್ ಕವರ್ ಹಾಕಿ ನರ ಗಡ್ಡೆಯನ್ನು ಸೇರುವ ತುದಿಗಳನ್ನೂ, ರಕ್ತದ ಹರಿವು ತೋರಿಸುವ ಡಾಪ್ಲರ್‌ನಲ್ಲಿ ರಕ್ತನಾಳಗಳನ್ನೂ ಗುರುತಿಸಬಹುದು. ತಲೆಬುರುಡೆಯ ಬುಡದ ಹತ್ತಿರ ಮೂಳೆ ಅಡ್ಡ ಬರುವುದರಿಂದ ಅಲ್ಲಿ ಎಂಆರ್‌ಐಯನ್ನೇ ನಂಬಬೇಕು.

ಆಪರೇಷನ್ನಿಗೆ ಮೊದಲೇ ಲ್ಯಾರಿಂಗೋಸ್ಕೋಪಿ (ಗಂಟಲೊಳಗೆ ಕ್ಯಾಮೆರಾದಿಂದ ಧ್ವನಿಪೆಟ್ಟಿಗೆ ನೋಡುವ ಪರೀಕ್ಷೆ) ಮಾಡಿಸಿ ಧ್ವನಿತಂತುಗಳ ಚಲನೆ ಬರೆದಿಡಲು ಹೇಳಿ. ತೊಂದರೆಯೇ ಇಲ್ಲದಿದ್ದರೆ ಆಗಾಗ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದೇ ಎಂದೂ ಕೇಳಿ. ಈ ಗಡ್ಡೆ ಬೆಳೆಯುವುದು ಬಹಳ ನಿಧಾನ, ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಎಳೆಗಳೆಲ್ಲ ಉಳಿದರೂ ಎಳೆದಾಟದಿಂದ ಕೆಲವು ತಿಂಗಳು ಧ್ವನಿ ಒಡೆದಿರಬಹುದು. ನೀರು ಕುಡಿಯುವಾಗ ಕೆಮ್ಮು ಬಂದರೆ ಮಾತ್ರ ಅದೇ ದಿನ ವಾರ್ಡಿನಲ್ಲಿ ತಿಳಿಸಿ, ನುಂಗುವಿಕೆಯ ಪರೀಕ್ಷೆ ಆಗುವವರೆಗೆ ಬಾಯಿಂದ ಏನೂ ಕೊಡಬೇಡಿ.