ರೋಬೋಟ್ ಯಾರ ಕೈಯಲ್ಲಿ, ಎಷ್ಟು ಹೊತ್ತು?

ಮಾನ್ಯರೇ,

ಮೊದಲ ವರ್ಷದ ಪ್ರೋಗ್ರಾಮಿಂಗ್ ತರಗತಿಯಲ್ಲಿ ವಿದ್ಯಾರ್ಥಿಗಳ ಆಸಕ್ತಿ ಬೇಗನೆ ಕುಂದುತ್ತಿದೆಯೆಂದೂ, ಪ್ರಯೋಗಾಲಯಕ್ಕೆ ಕೆಲವು ರೋಬೋಟ್‌ಗಳನ್ನು ತರಿಸಿದರೆ ಕಲಿಕೆ ಸುಧಾರಿಸೀತೇ ಎಂದೂ ಕೇಳಿದ್ದೀರಿ. ಸುಧಾರಿಸಬಹುದು, ಆದರೆ ಒಬ್ಬೊಬ್ಬ ವಿದ್ಯಾರ್ಥಿಯ ಕೈಗೆ ಅದು ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ.

ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಫೇಗಿನ್ ಮತ್ತು ಮರ್ಕಲ್ ಎಂಬ ಅಧ್ಯಾಪಕರು ಲೆಗೊ ಮೈಂಡ್‌ಸ್ಟಾರ್ಮ್ಸ್ ಎಂಬ, ಬಿಡಿಭಾಗ ಜೋಡಿಸಿ ಕಟ್ಟುವ ರೋಬೋಟ್‌ಗಳ ಮೂಲಕ ಅಡಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸಿ, 800ಕ್ಕೂ ಹೆಚ್ಚು ವಿದ್ಯಾರ್ಥಿಗಳ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ರೋಬೋಟ್ ಬಳಸಿದ ವಿಭಾಗಗಳ ಅಂಕಗಳು ಬಳಸದ ವಿಭಾಗಗಳಿಗಿಂತ ಕಡಿಮೆಯಿದ್ದವು. ಪ್ರೋಗ್ರಾಮನ್ನು ಓಡಿಸಿ ನೋಡಲು ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೇ ಬರಬೇಕಿತ್ತು. ತಮ್ಮ ಕೋಣೆಯಲ್ಲಿ ಕುಳಿತು ಬರೆದು, ತಪ್ಪು ಕಂಡು, ತಿದ್ದಿ ಮತ್ತೆ ನೋಡುವ ಅವಕಾಶ ಅವರಿಗಿರಲಿಲ್ಲ. ಪ್ರೋಗ್ರಾಮಿಂಗ್ ಕೈಗೆ ಹತ್ತುವುದು ಹಾಗೆ ತಿದ್ದಿ ತಿದ್ದಿಯೇ ಅಲ್ಲವೇ? 2006ರಲ್ಲಿ ಜಾರ್ಜಿಯಾ ಟೆಕ್ ಮತ್ತು ಬ್ರಿನ್ ಮಾರ್ ಕಾಲೇಜುಗಳು ಕೈಗೊಂಡ ಯೋಜನೆ ಇದಕ್ಕೆ ವ್ಯತಿರಿಕ್ತವಾಗಿ, ಪಠ್ಯಪುಸ್ತಕದಂತೆ ರೋಬೋಟೂ ವಿದ್ಯಾರ್ಥಿಯ ಸ್ವಂತದ್ದಾಗಿರಬೇಕೆಂಬ ವಿಚಾರದಿಂದ ಹೊರಟಿತು. ಅಲ್ಲಿ ಸ್ಕ್ರಿಬ್ಲರ್ ಎಂಬ ಪುಟ್ಟ ರೋಬೋಟನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ನಡೆಸುತ್ತಿದ್ದರು.

ಸ್ಕ್ರಿಬ್ಲರ್‌ನ ನಡುವೆ ಪೆನ್ನು ಸಿಕ್ಕಿಸಲು ಒಂದು ರಂಧ್ರವಿದೆ. 'ಮುಂದೆ ಹೋಗು, ಎಡಕ್ಕೆ ತಿರುಗು' ಎಂಬುದನ್ನು ಲೂಪಿನಲ್ಲಿ, ಅಂದರೆ ಅದೇ ಆದೇಶವನ್ನು ಮತ್ತೆ ಮತ್ತೆ ನಡೆಸುವ ರಚನೆಯಲ್ಲಿ, ನಾಲ್ಕು ಬಾರಿ ಹೇಳಿದರೆ ಕಾಗದದ ಮೇಲೆ ಚೌಕ ಮೂಡಬೇಕು. ಆದರೆ ಎಷ್ಟು ತಿರುಗಬೇಕೆಂಬುದನ್ನು ಕೋನದಲ್ಲಲ್ಲ, ಸೆಕೆಂಡುಗಳಲ್ಲಿ ಹೇಳುವಾಗ, ಬ್ಯಾಟರಿ ಇಳಿದಂತೆ ಅಷ್ಟೇ ಸಮಯದಲ್ಲಿ ತಿರುಗುವ ಪ್ರಮಾಣ ಕಡಿಮೆಯಾಗಿ ಕೊನೆಯ ಗೆರೆ ಮೊದಲಿನದನ್ನು ಮುಟ್ಟುವುದೇ ಇಲ್ಲ, ವಿದ್ಯಾರ್ಥಿಯಾದರೋ ಪ್ರೋಗ್ರಾಮಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾನೆ. (ಮಾರಾಟಗಾರರ ಪ್ರಾತ್ಯಕ್ಷಿಕೆಯಲ್ಲಿ ಬ್ಯಾಟರಿ ಎಂದೂ ಇಳಿದಿರುವುದಿಲ್ಲ.) ಎಂಜಿನಿಯರಿಗೆ ಇದು ಒಳ್ಳೆಯ ಪಾಠವೇ; ವೇರಿಯಬಲ್ (ಬೆಲೆಯನ್ನು ಇಟ್ಟುಕೊಳ್ಳುವ ಹೆಸರು) ಎಂದರೇನೆಂದು ಇನ್ನೂ ತಿಳಿಯದವನಿಗೆ ಮಾತ್ರ ವಿನಾಕಾರಣ ಶಿಕ್ಷೆ. ಆದ್ದರಿಂದ ಪೈಥಾನ್ ಜೊತೆಗೇ ಬರುವ, ತೆರೆಯ ಮೇಲೆ ಗೆರೆ ಎಳೆಯುವ ಟರ್ಟಲ್ ಎಂಬ ಸಾಧನದಲ್ಲಿ ಚೌಕವನ್ನು ಮೊದಲು ಬಿಡಿಸಲಿ, ಅದು ಸರಿಬಂದ ಮೇಲೆ ರೋಬೋಟಿಗೆ ಕೈಹಾಕಲಿ.

ರೋಬೋಟಿನ ನಿಜವಾದ ಬಲವಿರುವುದು ಸುತ್ತಲಿನದನ್ನು ಗ್ರಹಿಸುವ ಸೆನ್ಸರ್‌ಗಳಲ್ಲಿ. ಎದುರಿಗೆ ಅಡ್ಡಿ ಕಾಣುವವರೆಗೆ ಮುಂದೆ ಸಾಗುವ ಪ್ರೋಗ್ರಾಮಿನಲ್ಲಿ ಅಡ್ಡಿಯಿದೆಯೇ ಎಂಬ ಷರತ್ತನ್ನು ಲೂಪಿನ ಹೊರಗೆ ಒಮ್ಮೆ ಮಾತ್ರ ಪರೀಕ್ಷಿಸಿದ್ದರೆ, ರೋಬೋಟ್ ಹೋಗಿ ಗೋಡೆಗೆ ಗುದ್ದಿ ಆ ತಪ್ಪನ್ನು ತರಗತಿಗೆಲ್ಲ ತೋರಿಸಿಬಿಡುತ್ತದೆ. ಸ್ಟ್ರಿಂಗ್ (ಅಕ್ಷರಗಳ ಸರಣಿ), ವಿಂಗಡಣೆ ಮುಂತಾದ, ಸೆನ್ಸರ್‌ಗೆ ಕೆಲಸವಿಲ್ಲದ ಪಾಠಗಳಿಗೆ ಅದನ್ನು ಎಳೆದು ತರಬೇಡಿ.

ನಿಮ್ಮ ಅನುದಾನಕ್ಕೆ ಕೆಲವೇ ರೋಬೋಟ್‌ಗಳು ಬರುವುದಾದರೆ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕದೆ, ಗ್ರಂಥಾಲಯದ ಪುಸ್ತಕದಂತೆ ಸರದಿಯ ಮೇಲೆ ಮನೆಗೆ ಕೊಡುವ ವ್ಯವಸ್ಥೆ ಮಾಡಿ. ಅದಕ್ಕೆ ಆಡಳಿತ ಮಂಡಳಿ ಒಪ್ಪದಿದ್ದರೆ ಆ ಹಣವನ್ನು ಪ್ರಯೋಗಾಲಯವನ್ನು ಸಂಜೆಯೂ ತೆರೆದಿಡಲು ಬಳಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ.

— ಸಂಪಾದಕ