ಮ ಎಂದರೆ ಮಿರ್ಚಿ ಅಲ್ಲ

ಆರನೆಯ ತರಗತಿಗೆ ಬೀಜಗಣಿತವನ್ನು ವ್ಯಾಖ್ಯೆಗಳಿಂದ ಶುರುಮಾಡಲೇ, ಮಕ್ಕಳಿಗೆ ಗೊತ್ತಿರುವ ಹಣ್ಣು, ತಿಂಡಿಗಳಿಂದಲೇ ಎಂದು ಕೇಳಿದ್ದೀರಿ. ಎರಡೂ ಬೇಡ. ತಿಂಡಿಯಂತೂ ಬೇಡವೇ ಬೇಡ. ಅದರಲ್ಲಿ ನಾನು ಕೈ ಸುಟ್ಟುಕೊಂಡವನು.

ದಾವಣಗೆರೆಯಲ್ಲಿ ನನ್ನ ಮೊದಲ ವರ್ಷ. ಊರು ಬೆಣ್ಣೆದೋಸೆಯದು, ಸಂಜೆಯಾದರೆ ಮಂಡಕ್ಕಿ ಮಿರ್ಚಿ. ದ ಎಂದರೆ ದೋಸೆ, ಮ ಎಂದರೆ ಮಿರ್ಚಿ ಎಂದು ಬೋರ್ಡಿನ ಮೇಲೆ ಬರೆದೆ. 2ದ + 3ಮ + ದ ಎಷ್ಟು? 'ಮೂರು ದೋಸೆ, ಮೂರು ಮಿರ್ಚಿ ಸರ್!' ಎಂದು ಇಡೀ ತರಗತಿ ಕೂಗಿತು. ಬೀಗುತ್ತಾ ಮನೆಗೆ ಹೋದೆ.

ಎರಡು ವಾರ ಬಿಟ್ಟು ಒಂದು ಲೆಕ್ಕ ಕೊಟ್ಟೆ: ಅಂಗಡಿಯಲ್ಲಿ ದೋಸೆಗಳ ನಾಲ್ಕರಷ್ಟು ಮಿರ್ಚಿ ಖರ್ಚಾಗುತ್ತವೆ, ಸಮೀಕರಣ ಬರೆಯಿರಿ. ಹೆಚ್ಚಿನವರು ಬರೆದದ್ದು 4ಮ = ದ. ಐದು ದೋಸೆ ಹೋದರೆ ಮಿರ್ಚಿ ಎಷ್ಟು ಎಂದರೆ 20 ಎಂದು ಥಟ್ಟನೆ ಹೇಳುತ್ತಾರೆ. ಅದನ್ನೇ ಅವರ ಸಮೀಕರಣಕ್ಕೆ ಹಾಕಿದರೆ 4 × 20 = 5. ಎಂಬತ್ತು ಐದಕ್ಕೆ ಸಮವೇ? ಒಬ್ಬ ಹುಡುಗಿ ಎದ್ದು ನಿಂತಳು. 'ಮ ಎಂದರೆ ಮಿರ್ಚಿ ಎಂದು ನೀವೇ ಹೇಳಿದ್ದಿರಲ್ಲ ಸರ್. ನಾಲ್ಕು ಮಿರ್ಚಿ, ಒಂದು ದೋಸೆ. ಸರಿಯಾಗಿಯೇ ಬರೆದಿದ್ದೇನೆ.'

ಅವಳು ಬರೆದದ್ದು ನಾನು ಕಲಿಸಿದ್ದನ್ನೇ. ಮ ಎಂಬುದು ಮಿರ್ಚಿಯಲ್ಲ, ಮಿರ್ಚಿಗಳ ಸಂಖ್ಯೆ. 4ದ ಎಂದರೆ ನಾಲ್ಕು ದೋಸೆಯಲ್ಲ, ದೋಸೆಗಳ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿದ್ದು. ಹಾಗಾಗಿ ಮ = 4ದ. ನಾನು ಅಕ್ಷರವನ್ನು ಪದಾರ್ಥದ ಹೆಸರಿನ ಗಿಡ್ಡ ರೂಪ ಮಾಡಿಬಿಟ್ಟಿದ್ದೆ, 4 ಕೆ.ಜಿ. ಎಂದು ಬರೆದ ಹಾಗೆ. ಹಾಗೆ ಕಲಿತ ಮಗುವಿಗೆ ದ × ಮ ಎಂದರೇನು? ದೋಸೆಯನ್ನು ಮಿರ್ಚಿಯಿಂದ ಗುಣಿಸುವುದೇ? 12ನೆಯ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಯನ್ನು 'ಯಾವತ್ತಾವತ್' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಿದ್ದರು. ಎಷ್ಟೋ ಅಷ್ಟು ಎಂದರ್ಥ. ಎಷ್ಟು ಎಂಬುದು ಆ ಹೆಸರಿನಲ್ಲೇ ಇದೆ. ನನ್ನ ದೋಸೆಯಲ್ಲಿ ಅದೇ ಇರಲಿಲ್ಲ. ಕಲಿಸಿದ್ದನ್ನು ಮರೆಸಲು ಆ ವರ್ಷವೆಲ್ಲ ಹಿಡಿಯಿತು.

ಈಗ ಒಂದು ಬೆಂಕಿಪೊಟ್ಟಣ ಒಯ್ಯುತ್ತೇನೆ (ಗೀರಿದ ಕಡ್ಡಿಗಳು, ಮುಖ್ಯೋಪಾಧ್ಯಾಯರ ಸಮಾಧಾನಕ್ಕೆ). ಒಂದು ಚೌಕಕ್ಕೆ 4 ಕಡ್ಡಿ. ಅದಕ್ಕೇ ಅಂಟಿಕೊಂಡಂತೆ ಇನ್ನೊಂದು ಮಾಡಿದರೆ ಒಟ್ಟು 7, ಮತ್ತೊಂದು ಸೇರಿದರೆ 10. ನೂರು ಚೌಕಕ್ಕೆ? ಜೋಡಿಸುತ್ತಾ ಹೋಗುವಷ್ಟು ಕಡ್ಡಿ ಯಾರ ಬಳಿಯೂ ಇರುವುದಿಲ್ಲ. 'ಚೌಕಗಳ ಮೂರರಷ್ಟು, ಮೇಲೊಂದು' ಎಂದು ಯಾರೋ ಹೇಳುತ್ತಾರೆ. ಅದನ್ನು ಹಾಗೆಯೇ ಪೂರ್ತಿ ವಾಕ್ಯವಾಗಿ ನಾಲ್ಕೈದು ಸಲ ಬರೆಸುತ್ತೇನೆ. ಕೈ ನೋಯುತ್ತದೆ ಎಂದು ಗೊಣಗಿದ ಮೇಲೆಯೇ 3ಚ + 1. ಚ ಎಂದರೆ ಚೌಕವಲ್ಲ, ಚೌಕಗಳ ಸಂಖ್ಯೆ. ಚ ಚರಾಕ್ಷರ, 3ಚ + 1 ಬೀಜೋಕ್ತಿ ಎಂಬ ಹೆಸರುಗಳು ಆಮೇಲೆ ಬರಲಿ, ಅವಸರವಿಲ್ಲ. ನನ್ನ ಬಳಿ 61 ಕಡ್ಡಿ ಇವೆ, ಎಷ್ಟು ಚೌಕವಾದೀತು ಎಂದು ಕೇಳಿದ ದಿನ 3ಚ + 1 = 61 ತಾನಾಗಿ ಬರುತ್ತದೆ.

ಮರುದಿನ 50 ಕಡ್ಡಿ ಕೊಡಿ. 16 ಚೌಕವಾಗಿ ಒಂದು ಕಡ್ಡಿ ಉಳಿಯುತ್ತದೆ. ನೀವು ಏನೂ ಹೇಳಬೇಡಿ, ಆ ಕಡ್ಡಿಗಾಗಿ ಅವರೇ ಜಗಳವಾಡಲಿ.